ಗೋಲು, ಅಂಕ, ಪಾಸ್‌ಪೋರ್ಟ್: ಅಲ್ಜೀರಿಯಾ ತಂಡ ಮತ್ತು ಫುಟ್‌ಬಾಲ್ ನಿಯಮಗಳು

(ಉಪನ್ಯಾಸದ ಬರಹ ರೂಪ)

ಅಲ್ಜೀರಿಯಾ ಫುಟ್‌ಬಾಲ್ ತಂಡದ ಸಾಧನೆಯ ಪಟ್ಟಿ ಚಿಕ್ಕದು. ಆಫ್ರಿಕಾ ಕಪ್ ಎರಡು ಸಲ, 1990 ಮತ್ತು 2019ರಲ್ಲಿ. ವಿಶ್ವಕಪ್‌ಗೆ ಅರ್ಹತೆ ಐದು ಸಲ: 1982, 1986, 2010, 2014, 2026. ಇವುಗಳಲ್ಲಿ ಮೊದಲ ನಾಲ್ಕರ ಪೈಕಿ ಗುಂಪು ಹಂತ ದಾಟಿದ್ದು 2014ರಲ್ಲಿ ಮಾತ್ರ. ಕಪ್‌ಗಳನ್ನೇ ಎಣಿಸುವುದಾದರೆ ಏಳು ಸಲ ಗೆದ್ದ ಈಜಿಪ್ಟ್ ಇದೆ, ಐದು ಸಲ ಗೆದ್ದ ಕ್ಯಾಮರೂನ್ ಇದೆ. ವಿಶ್ವಕಪ್ ಸೆಮಿಫೈನಲ್ ಎಂದರೆ 2022ರ ಮೊರಾಕೊ ಇದೆ.

ಆದರೂ ಇವತ್ತಿನ ಮಾತಿಗೆ ಅಲ್ಜೀರಿಯಾವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ವಿಶ್ವಕಪ್‌ನಲ್ಲಿ ಒಂದು ಗುಂಪಿನ ಕೊನೆಯ ಎರಡು ಪಂದ್ಯಗಳು ಏಕೆ ಒಂದೇ ಹೊತ್ತಿಗೆ ಶುರುವಾಗುತ್ತವೆ? ಪ್ಯಾರಿಸ್ಸಿನಲ್ಲಿ ಹುಟ್ಟಿ, ಫ್ರಾನ್ಸಿನ ಕಿರಿಯರ ತಂಡಕ್ಕೆ ಆಡಿದ ಹುಡುಗ ಮುಂದೆ ಅಪ್ಪ ಅಮ್ಮನ ದೇಶಕ್ಕೆ ಆಡಲು ಹೇಗೆ ಸಾಧ್ಯ? ಈ ಎರಡೂ ನಿಯಮಗಳ ಹಿಂದೆ ಅಲ್ಜೀರಿಯಾ ಇದೆ. ಅದೇ ನಿಯಮ ಪುಸ್ತಕ ಈ ತಂಡವನ್ನು ಎಷ್ಟೋ ಸಲ ಹೊರಗೂ ತಳ್ಳಿದೆ. ಹಾಗಾಗಿ ಕಪ್‌ಗಳ ಜಾಡು ಬಿಟ್ಟು ನಿಯಮಗಳ ಜಾಡು ಹಿಡಿದು ಹೋಗೋಣ.

ಮೊದಲಿಗೆ 1958. ಆಗ ಅಲ್ಜೀರಿಯಾ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ಫ್ರಾನ್ಸಿನ ಆಳ್ವಿಕೆಯ ವಿರುದ್ಧ 1954ರಲ್ಲಿ ಆರಂಭವಾದ ಸ್ವಾತಂತ್ರ್ಯ ಸಮರ ನಡೆಯುತ್ತಿತ್ತು. ಅಲ್ಜೀರಿಯಾದ ಒಳ್ಳೆಯ ಆಟಗಾರರೆಲ್ಲ ಫ್ರಾನ್ಸಿನ ಕ್ಲಬ್‌ಗಳಲ್ಲಿ ವೃತ್ತಿಪರರಾಗಿದ್ದರು, ಕೆಲವರು ಫ್ರಾನ್ಸ್ ತಂಡಕ್ಕೇ ಆಡುತ್ತಿದ್ದರು. ಮೊನಾಕೊ ಕ್ಲಬ್ಬಿನ ಡಿಫೆಂಡರ್ ಮುಸ್ತಫಾ ಜಿತೂನಿ ಅಂಥವರಲ್ಲೊಬ್ಬರು. ಸಾಂತ್ ಎತಿಯೆನ್ ಕ್ಲಬ್ಬಿನ ರಶೀದ್ ಮೆಖ್ಲೂಫಿ ಇನ್ನೊಬ್ಬರು. 1957ರಲ್ಲಿ ಆ ಕ್ಲಬ್ ಫ್ರೆಂಚ್ ಲೀಗ್ ಗೆದ್ದಾಗ ಅದರ ಮುಂಚೂಣಿಯಲ್ಲಿದ್ದವರು. ಸ್ವೀಡನ್‌ನಲ್ಲಿ ನಡೆಯಲಿದ್ದ 1958ರ ವಿಶ್ವಕಪ್‌ಗೆ ಫ್ರಾನ್ಸ್ ಲೆಕ್ಕ ಹಾಕುತ್ತಿದ್ದ ಹೆಸರುಗಳಲ್ಲಿ ಇವರೂ ಇದ್ದರು.

ರಾಷ್ಟ್ರೀಯ ವಿಮೋಚನಾ ರಂಗ, ಅಂದರೆ ಎಫ್‌ಎಲ್‌ಎನ್, ಈ ಆಟಗಾರರನ್ನು ಫ್ರಾನ್ಸಿನಿಂದ ಹೊರಗೆ ತರುವ ಯೋಜನೆ ಹಾಕಿತು. ಅದನ್ನು ನಡೆಸಿದವರು ಮಾಜಿ ಆಟಗಾರ ಮೊಹಮ್ಮದ್ ಬೂಮೆಜ್ರಾಗ್. 1958ರ ಏಪ್ರಿಲ್ ಮಧ್ಯದಲ್ಲಿ, ಲೀಗ್ ಪಂದ್ಯಗಳ ವಾರಾಂತ್ಯದ ಆಚೀಚೆ, ಆಟಗಾರರು ಸಣ್ಣ ಸಣ್ಣ ಗುಂಪುಗಳಾಗಿ ಸ್ವಿಟ್ಜರ್‌ಲೆಂಡ್ ಮತ್ತು ಇಟಲಿಯ ದಾರಿ ಹಿಡಿದು ಟ್ಯುನಿಸ್ ಸೇರಿದರು. ಎಲ್ಲರೂ ಒಟ್ಟಿಗೆ ಹೊರಟಿದ್ದರೆ ಗಡಿಯಲ್ಲೇ ಕಥೆ ಮುಗಿಯುತ್ತಿತ್ತು. ಬಿಡಿಬಿಡಿಯಾಗಿ ಹೊರಟರೂ ಇಬ್ಬರು ಸಿಕ್ಕಿಬಿದ್ದರು. ಮೆಖ್ಲೂಫಿಯವರ ಅಪಾಯ ಉಳಿದವರಿಗಿಂತ ಒಂದು ಕೈ ಹೆಚ್ಚು, ಏಕೆಂದರೆ ಅವರು ಆಗ ಫ್ರೆಂಚ್ ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದರು. ಉಳಿದವರು ಕ್ಲಬ್ ಬಿಟ್ಟು ಹೋದಂತಾದರೆ, ಇವರು ಸೈನ್ಯ ಬಿಟ್ಟು ಓಡಿದಂತಾಯಿತು. ಅವರು ಹುಟ್ಟಿದ್ದು 1936ರಲ್ಲಿ, ಬೆಳೆದದ್ದು ಸೆತಿಫ್ ಪಟ್ಟಣದಲ್ಲಿ. ಯುರೋಪ್ ಯುದ್ಧ ಮುಗಿದ ಸಂಭ್ರಮದಲ್ಲಿದ್ದ 1945ರ ಮೇ 8ರಂದು ಸ್ವಾತಂತ್ರ್ಯ ಕೇಳಿ ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿದ ಊರು ಅದು. ಆಗ ಅವರಿಗೆ ಎಂಟು ವರ್ಷ.

ಟ್ಯುನಿಸ್‌ನಲ್ಲಿ ತಂಡ ಸಿದ್ಧವಾಯಿತು. ಫಿಫಾ ಮಾನ್ಯತೆ ಕೊಡಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಈ ತಂಡದ ಜೊತೆ ಆಡಿದ ಸಂಘಗಳಿಗೂ ಶಿಕ್ಷೆಯ ಎಚ್ಚರಿಕೆ ಹೋಯಿತು. ತೊಡಕು ಇದ್ದದ್ದು ಇಲ್ಲೇ. ಮಾನ್ಯತೆ ಇಲ್ಲದ ತಂಡ ಸ್ವಂತಕ್ಕೆ ಕಳೆದುಕೊಳ್ಳುವುದು ಏನೂ ಇರುವುದಿಲ್ಲ, ಆದರೆ ಎದುರಾಳಿ ಕಳೆದುಕೊಳ್ಳುತ್ತಾನೆ. ಅದಕ್ಕಾಗಿ ಎಷ್ಟೋ ಕಡೆ ಎದುರಿಗೆ ಇಳಿದದ್ದು ಆ ದೇಶದ ಅಧಿಕೃತ ತಂಡವಲ್ಲ, ನಗರದ ತಂಡ ಅಥವಾ ಕಾರ್ಮಿಕ ಸಂಘದ ತಂಡ ಎಂಬ ಹೆಸರಿನಲ್ಲಿ. ಮೈದಾನದಲ್ಲಿ ಅಲ್ಜೀರಿಯಾದ ಬಾವುಟ ಹಾರಿಸಬೇಕೇ, ಗೀತೆ ನುಡಿಸಬೇಕೇ ಎಂಬುದೇ ಪ್ರತಿ ಊರಿನಲ್ಲಿ ಒಂದು ಮಾತುಕತೆ. ಆ ಬಾವುಟಕ್ಕಾಗಿಯೇ ಈ ತಂಡ ಕಟ್ಟಿದ್ದು. ಉತ್ತರ ಆಫ್ರಿಕಾ, ಅರಬ್ ದೇಶಗಳು, ಪೂರ್ವ ಯುರೋಪ್, ಚೀನಾ, ವಿಯೆಟ್ನಾಂ ಹೀಗೆ 1962ರವರೆಗೆ ತಂಡ ತಿರುಗಿತು. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ 6-1 ಗೆಲುವು ಅದರ ದೊಡ್ಡ ಫಲಿತಾಂಶ.

ಇದಕ್ಕೆ ಆಟಗಾರರು ಕೊಟ್ಟ ಬೆಲೆ ದೊಡ್ಡದು. ಫುಟ್‌ಬಾಲಿಗನ ಉತ್ತಮ ವಯಸ್ಸು ಇಪ್ಪತ್ತೆರಡರಿಂದ ಇಪ್ಪತ್ತೆಂಟು. ಮೆಖ್ಲೂಫಿ ತಮ್ಮ ಇಪ್ಪತ್ತೊಂದರಿಂದ ಇಪ್ಪತ್ತೈದರ ತನಕ ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅವರು ಸಾಂತ್ ಎತಿಯೆನ್‌ಗೇ ಮರಳಿದರು. 1968ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಬೋರ್ಡೊ ವಿರುದ್ಧ 2-1ರಿಂದ ಗೆದ್ದಾಗ ಎರಡೂ ಗೋಲು ಅವರವೇ. ಆದರೆ ಅಲ್ಜೀರಿಯಾದ ಮಟ್ಟಿಗೆ ದೊಡ್ಡ ಲಾಭ ಬೇರೆ ಕಡೆ ಇತ್ತು. ನಾಲ್ಕು ವರ್ಷ ಒಟ್ಟಿಗೆ ಆಡಿದ ವೃತ್ತಿಪರರ ಒಂದು ಪಡೆಯೇ ಮುಂದೆ ಕೋಚ್‌ಗಳ ಪಡೆಯಾಯಿತು. 1975ರ ಮೆಡಿಟರೇನಿಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಫ್ರಾನ್ಸನ್ನು ಆಲ್ಜಿಯರ್ಸ್‌ನಲ್ಲೇ ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋಲಿಸಿದ ತಂಡಕ್ಕೆ ಮೆಖ್ಲೂಫಿ ಕೋಚ್. 1990ರಲ್ಲಿ ಮೊದಲ ಆಫ್ರಿಕಾ ಕಪ್ ಗೆದ್ದಾಗಿನ ಕೋಚ್ ಅಬ್ದೆಲ್‌ಹಮೀದ್ ಕೆರ್ಮಾಲಿ ಕೂಡ 1958ರಲ್ಲಿ ಗಡಿ ದಾಟಿದವರೇ.

ಸ್ವತಂತ್ರ ಅಲ್ಜೀರಿಯಾದಲ್ಲಿ ಸರ್ಕಾರ ಮಾಡಿದ ಎರಡು ಕೆಲಸ 1982ರ ತಂಡವನ್ನು ರೂಪಿಸಿದವು. ಒಂದು, 1977ರ ಕ್ರೀಡಾ ಸುಧಾರಣೆ. ಪ್ರತಿ ದೊಡ್ಡ ಕ್ಲಬ್ಬನ್ನೂ ಒಂದು ಸರ್ಕಾರಿ ಉದ್ಯಮದ ಮಡಿಲಿಗೆ ಹಾಕಲಾಯಿತು. ಎಂಸಿ ಆಲ್ಜಿಯರ್ಸ್ ಕ್ಲಬ್ ತೈಲ ಸಂಸ್ಥೆ ಸೊನಾತ್ರಾಕ್ ಪಾಲಿಗೆ ಬಂತು. ಕಬಿಲಿಯಾ ಪ್ರದೇಶದ ಜೆಎಸ್ ಕಬಿಲಿ ಎಲೆಕ್ಟ್ರಾನಿಕ್ಸ್ ಉದ್ಯಮದ ಹೆಸರು ಹೊತ್ತುಕೊಂಡಿತು. ಆಟಗಾರರಿಗೆ ಹೀಗೆ ನೆಲೆ ಸಿಕ್ಕಿತು. ಎರಡನೆಯದು, 28 ವರ್ಷ ತುಂಬುವ ತನಕ ದೇಶದ ಒಳಗಿನ ಆಟಗಾರ ವಿದೇಶಿ ಕ್ಲಬ್‌ಗೆ ಹೋಗುವಂತಿಲ್ಲ ಎಂಬ ನಿರ್ಬಂಧ. ಆಟಗಾರನ ಜೇಬಿಗೆ ಇದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ರಾಷ್ಟ್ರೀಯ ತಂಡಕ್ಕೆ ಮಾತ್ರ ಇದು ವರ. ಮಾಜೆರ್, ಬೆಲ್ಲೂಮಿ, ಅಸಾದ್, ಮೆರ್ಜೆಕಾನ್, ನಾಯಕ ಫೆರ್ಗಾನಿ ಎಲ್ಲರೂ ವರ್ಷಗಟ್ಟಲೆ ಕೈಗೆಟುಕುವ ದೂರದಲ್ಲಿದ್ದರು, ಬೇಕೆಂದಾಗ ಶಿಬಿರಕ್ಕೆ ಕರೆಯಬಹುದಿತ್ತು. ಇವರಿಗೆ ಫ್ರಾನ್ಸಿನಿಂದ ದಹ್ಲೆಬ್, ಕುರಿಷಿ, ಮನ್ಸೂರಿ ಬಂದು ಸೇರಿಕೊಂಡರು.

ಸ್ಪೇನ್‌ನ ಹಿಹೋನ್ ಊರಿನಲ್ಲಿ 1982ರ ಜೂನ್ 16ರಂದು ಪಶ್ಚಿಮ ಜರ್ಮನಿ ಎದುರಾಯಿತು. ಯುರೋಪಿನ ಚಾಂಪಿಯನ್ ತಂಡ ಅದು. ಕೋಚ್ ಮಹೀದ್ದೀನ್ ಖಾಲೆಫ್ ಅವರ ಅಲ್ಜೀರಿಯಾ ತಂಡ ಮೊದಲಾರ್ಧದಲ್ಲಿ ಹಿಂದೆ ನಿಂತು ಜಾಗ ಮುಚ್ಚಿತು. ಚೆಂಡು ಸಿಕ್ಕ ಕೂಡಲೇ ಎರಡು ಬದಿಗಳಿಂದ ನುಗ್ಗಿತು. 54ನೇ ನಿಮಿಷದಲ್ಲಿ ಬೆಲ್ಲೂಮಿ ಹೊಡೆದ ಚೆಂಡನ್ನು ಗೋಲ್‌ಕೀಪರ್ ತಡೆದಾಗ ಪುಟಿದದ್ದನ್ನು ಮಾಜೆರ್ ಒಳಗೆ ಹಾಕಿದರು. 67ರಲ್ಲಿ ರುಮ್ಮೆನಿಗ್ಗೆ ಸಮ ಮಾಡಿದರು. ನಿಜವಾದ ಸೊಗಸು ಆಮೇಲಿನದು. ಮಧ್ಯದಿಂದ ಆಟ ಮತ್ತೆ ಶುರುವಾಗಿ ಪಾಸ್ ಮೇಲೆ ಪಾಸ್ ಸಾಗಿ, ಜರ್ಮನ್ನರ ಕಾಲಿಗೆ ಚೆಂಡು ತಾಗುವ ಮೊದಲೇ ಎಡಗಡೆಯಿಂದ ಅಸಾದ್ ಒಳಗೆ ತಳ್ಳಿದ್ದನ್ನು ಬೆಲ್ಲೂಮಿ ಗೋಲಾಗಿಸಿದರು. 2-1. ವಿಶ್ವಕಪ್‌ನಲ್ಲಿ ಯುರೋಪಿನ ತಂಡವೊಂದನ್ನು ಆಫ್ರಿಕಾದ ತಂಡ ಸೋಲಿಸಿದ್ದು ಅದೇ ಮೊದಲು.

ಮುಂದಿನದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನವರು "ಜರ್ಮನಿ, ಆಸ್ಟ್ರಿಯಾ ಸೇರಿ ಮೋಸ ಮಾಡಿದವು" ಎಂದು ಹೇಳಿ ಮುಗಿಸುತ್ತಾರೆ. ಲೆಕ್ಕ ಅದಕ್ಕಿಂತ ಸ್ವಾರಸ್ಯವಾಗಿದೆ. ಆಗ ಗೆಲುವಿಗೆ 2 ಅಂಕ, ಡ್ರಾಗೆ 1. ಗುಂಪಿನ ನಾಲ್ಕು ತಂಡಗಳಲ್ಲಿ ಮೊದಲ ಎರಡು ಮುಂದಕ್ಕೆ. ಅಂಕ ಸಮವಾದರೆ ಗೋಲು ಅಂತರ. ನಮ್ಮ ಕ್ರಿಕೆಟ್ ನೋಡುಗರಿಗೆ ನೆಟ್ ರನ್‌ರೇಟ್ ಇದ್ದ ಹಾಗೆ. ಅದೂ ಸಮವಾದರೆ ಹೆಚ್ಚು ಗೋಲು ಹೊಡೆದವರು.

ಅಲ್ಜೀರಿಯಾ ಎರಡನೇ ಪಂದ್ಯದಲ್ಲಿ ಆಸ್ಟ್ರಿಯಾಗೆ 0-2ರಿಂದ ಸೋತಿತು. ಮೂರನೆಯದರಲ್ಲಿ, ಜೂನ್ 24ರಂದು ಒವಿಯೆದೊದಲ್ಲಿ, ಚಿಲಿಯನ್ನು 3-2ರಿಂದ ಸೋಲಿಸಿತು. ಅಲ್ಲಿಗೆ ಅದರ ಆಟ ಮುಗಿಯಿತು. ಜರ್ಮನಿ-ಆಸ್ಟ್ರಿಯಾ ಪಂದ್ಯ ಮಾರನೆಯ ದಿನ. ಆ ರಾತ್ರಿಯ ಪಟ್ಟಿ ಹೀಗಿತ್ತು:

ಆಸ್ಟ್ರಿಯಾ: 2 ಪಂದ್ಯ, 4 ಅಂಕ, ಗೋಲು 3-0
ಅಲ್ಜೀರಿಯಾ: 3 ಪಂದ್ಯ, 4 ಅಂಕ, ಗೋಲು 5-5
ಪಶ್ಚಿಮ ಜರ್ಮನಿ: 2 ಪಂದ್ಯ, 2 ಅಂಕ, ಗೋಲು 5-3

ಈಗ ಕೊನೆಯ ಪಂದ್ಯದ ಒಂದೊಂದೇ ಫಲಿತಾಂಶ ಹಾಕಿ ನೋಡಿ. ಡ್ರಾ ಆದರೆ, ಅಥವಾ ಆಸ್ಟ್ರಿಯಾ ಗೆದ್ದರೆ, ಜರ್ಮನಿ ಮನೆಗೆ. ಜರ್ಮನಿ ಮೂರು ಗೋಲು ಅಂತರದಿಂದ, 3-0 ಅಥವಾ 4-1 ಎಂದು ಗೆದ್ದರೆ, ಆಸ್ಟ್ರಿಯಾದ ಅಂತರವೂ ಸೊನ್ನೆಗೆ ಇಳಿದು, ಹೊಡೆದ ಗೋಲಿನಲ್ಲಿ ಐದು ಇದ್ದ ಅಲ್ಜೀರಿಯಾ ಮುಂದಕ್ಕೆ. ನಾಲ್ಕು ಅಂತರವಾದರಂತೂ ಆಸ್ಟ್ರಿಯಾಗೆ ಉಳಿಗಾಲವೇ ಇಲ್ಲ. ನಡುವೆ ಉಳಿಯುವುದು ಒಂದು ಕಿರಿದಾದ ಓಣಿ: ಜರ್ಮನಿ ಒಂದು ಅಥವಾ ಎರಡು ಗೋಲಿನಿಂದ ಗೆದ್ದರೆ ಎರಡೂ ತಂಡಗಳು ಮುಂದಕ್ಕೆ, ಅಲ್ಜೀರಿಯಾ ಹೊರಗೆ. ಹತ್ತನೇ ನಿಮಿಷದಲ್ಲಿ ಹ್ರೂಬೆಶ್ ಗೋಲು ಹೊಡೆದರು. ಓಣಿ ಸಿಕ್ಕಿತು. ಬರಬರುತ್ತಾ ಆಟವೇ ನಿಂತುಹೋಯಿತು. ಎರಡನೇ ಅರ್ಧದಲ್ಲಿ ಚೆಂಡು ತಮ್ಮತಮ್ಮ ಪಾಳಯದಲ್ಲೇ ಅಡ್ಡಡ್ಡ ಓಡಾಡುತ್ತಿತ್ತು. ಅಲ್ಜೀರಿಯಾದ ಅಭಿಮಾನಿಗಳು ಗ್ಯಾಲರಿಯಿಂದ ನೋಟುಗಳನ್ನು ಬೀಸಿ ತೋರಿಸಿದರು. 1-0.

ಇಲ್ಲಿ ಒಪ್ಪಂದ ಮೊದಲೇ ಆಗಿತ್ತೇ ಎಂದು ಹುಡುಕುವುದು ದಂಡ. ಲಾಭ ಎರಡೂ ಕಡೆಗಿದ್ದಾಗ ಮಾತನಾಡಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಅಲ್ಜೀರಿಯಾದ ದೂರನ್ನು ಫಿಫಾ ತಳ್ಳಿಹಾಕಿತು. ಯಾವ ನಿಯಮವೂ ಮುರಿದಿರಲಿಲ್ಲ. ಮುರಿದದ್ದು ವೇಳಾಪಟ್ಟಿ. ಒಂದು ತಂಡ ಆಟ ಮುಗಿಸಿ ಕೂತ ಮೇಲೆ ಉಳಿದೆರಡು ತಂಡಗಳು ಪೂರ್ತಿ ಲೆಕ್ಕ ಕೈಯಲ್ಲಿ ಹಿಡಿದು ಮೈದಾನಕ್ಕೆ ಇಳಿದವು. 1986ರ ವಿಶ್ವಕಪ್‌ನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ನಡೆಯುತ್ತಿರುವುದು ಇದರಿಂದಲೇ.

ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಚಿಲಿ ವಿರುದ್ಧ ಅಲ್ಜೀರಿಯಾ 35 ನಿಮಿಷಕ್ಕೇ 3-0 ಮುಂದಿತ್ತು: ಅಸಾದ್ ಎರಡು, ಬೆನ್ಸಾವುಲಾ ಒಂದು. ದ್ವಿತೀಯಾರ್ಧದಲ್ಲಿ ಎರಡು ಗೋಲು ಬಿಟ್ಟುಕೊಟ್ಟಿತು. ಅದೇ 3-0 ಉಳಿದಿದ್ದರೆ ಅದರ ಲೆಕ್ಕ 5-3 ಆಗುತ್ತಿತ್ತು. ಆಗ ಜರ್ಮನಿ 1-0ರಿಂದ ಗೆದ್ದರೆ ಆಸ್ಟ್ರಿಯಾ 3-1, ಅಂತರ ಇಬ್ಬರದೂ ಎರಡು, ಹೊಡೆದ ಗೋಲಿನಲ್ಲಿ ಅಲ್ಜೀರಿಯಾ ಮೇಲೆ. ಅಂದರೆ ಆಸ್ಟ್ರಿಯಾ ಹೊರಬೀಳುತ್ತಿತ್ತು, ಆರಾಮಾಗಿ ಚೆಂಡು ತಳ್ಳಿಕೊಂಡು ನಿಲ್ಲಲು ಅದಕ್ಕೆ ಆಗುತ್ತಿರಲಿಲ್ಲ. ಆ ಓಣಿ ತೆರೆದುಕೊಂಡದ್ದು ಒವಿಯೆದೊದ ಆ ಎರಡನೇ ಅರ್ಧದಲ್ಲಿ. ಹಿಹೋನ್‌ನ ನಾಚಿಕೆಗೇಡು ಇದರಿಂದ ಕಡಿಮೆಯಾಗುವುದಿಲ್ಲ, ಆದರೆ ತಂಡದ ಚರಿತ್ರೆ ಹೇಳುವಾಗ ಇದನ್ನು ಬಿಟ್ಟರೆ ಅರ್ಧ ಸತ್ಯ. ಅದೇ ಟೂರ್ನಿಯಲ್ಲಿ ಕ್ಯಾಮರೂನ್ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಇಟಲಿಯಷ್ಟೇ ಅಂಕ, ಅಷ್ಟೇ ಅಂತರ ಇದ್ದರೂ ಹೊಡೆದ ಗೋಲಿನಲ್ಲಿ ಒಂದು ಕಡಿಮೆಯಾಗಿ ಹೊರಬಿದ್ದಿತು. ಆ ಇಟಲಿ ಕಪ್ ಗೆದ್ದಿತು.

1986ರ ಮೆಕ್ಸಿಕೊದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ: ಉತ್ತರ ಐರ್‌ಲೆಂಡ್ ಜೊತೆ 1-1, ಬ್ರೆಜಿಲ್‌ಗೆ 0-1, ಸ್ಪೇನ್‌ಗೆ 0-3. ಮಾಜೆರ್ 1987ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಪೋರ್ಟೊ ಪರ ಹಿಮ್ಮಡಿಯಿಂದ ಹೊಡೆದ ಗೋಲು ಎಲ್ಲರಿಗೂ ಗೊತ್ತು. ಎದುರಾಳಿ ಬಯೆರ್ನ್ ಮ್ಯೂನಿಕ್, ಊರು ವಿಯೆನ್ನಾ. 1990ರಲ್ಲಿ ತವರಿನಲ್ಲೇ ನಡೆದ ಆಫ್ರಿಕಾ ಕಪ್‌ನಲ್ಲಿ ಮೊದಲ ಪಂದ್ಯದಲ್ಲಿ ನೈಜೀರಿಯಾವನ್ನು 5-1ರಿಂದ, ಫೈನಲ್‌ನಲ್ಲಿ ಅದೇ ನೈಜೀರಿಯಾವನ್ನು ಉಜಾನಿ ಹೊಡೆದ ಒಂದೇ ಗೋಲಿನಿಂದ ಸೋಲಿಸಿತು. ಅದಕ್ಕೂ ಹತ್ತು ವರ್ಷ ಹಿಂದೆ ಲಾಗೋಸ್‌ನ ಫೈನಲ್‌ನಲ್ಲಿ 0-3ರಿಂದ ಸೋತದ್ದೂ ಇದೇ ತಂಡಕ್ಕೆ.

ಆಮೇಲೆ ಅಂತರ್ಯುದ್ಧದ ದಶಕ. ದೇಶವೇ ನಲುಗಿದ್ದಾಗ ಫುಟ್‌ಬಾಲ್ ಆಡಳಿತ ಸರಿಯಿರುವುದು ಹೇಗೆ? 1994ರ ಆಫ್ರಿಕಾ ಕಪ್‌ಗೆ ಅರ್ಹತೆ ಪಡೆದಿದ್ದ ತಂಡವನ್ನು, ಆಡಲು ಅನರ್ಹನಾಗಿದ್ದ ಆಟಗಾರನನ್ನು ಇಳಿಸಿದ್ದಕ್ಕೆ ಹೊರಹಾಕಿ ಆ ಜಾಗವನ್ನು ಸೆನೆಗಲ್‌ಗೆ ಕೊಟ್ಟರು. ಇಂಥ ತಪ್ಪು ಮೈದಾನದಲ್ಲಿ ಆಗುವಂಥದ್ದಲ್ಲ. ಕಚೇರಿಯಲ್ಲಿ ಪಟ್ಟಿ ನೋಡುವವರು ಇಲ್ಲದಾಗ ಆಗುವಂಥದ್ದು.

ಈಗ ಪಾಸ್‌ಪೋರ್ಟ್ ವಿಷಯಕ್ಕೆ ಬರೋಣ. ಹಿಂದಿನ ಕಾಲದಲ್ಲಿ ಆಟಗಾರ ದೇಶ ಬದಲಿಸುವುದು ಸುಲಭವಿತ್ತು. ಡಿ ಸ್ಟೆಫಾನೊ, ಪುಷ್ಕಾಶ್ ಇಬ್ಬರೂ ಬೇರೆ ದೇಶಕ್ಕೆ ಆಡಿದ ಮೇಲೆ ಸ್ಪೇನ್‌ಗೆ ಆಡಿದರು. 1960ರ ದಶಕದಲ್ಲಿ ಆ ಬಾಗಿಲು ಮುಚ್ಚಿತು. ಇದರ ಏಟು ಹೆಚ್ಚು ಬಿದ್ದದ್ದು ಅಲ್ಜೀರಿಯಾದಂಥ ದೇಶಗಳಿಗೆ. ಫ್ರಾನ್ಸಿನಲ್ಲಿ ಹುಟ್ಟಿದ ಅಲ್ಜೀರಿಯಾ ಮೂಲದ ಮಕ್ಕಳಿಗೆ ಎರಡೂ ಪೌರತ್ವ ಇರುತ್ತದೆ. ಫ್ರಾನ್ಸಿನ ತರಬೇತಿ ವ್ಯವಸ್ಥೆ ಹದಿನೈದು ಹದಿನಾರನೇ ವಯಸ್ಸಿಗೇ ಅವರನ್ನು ಕಿರಿಯರ ರಾಷ್ಟ್ರೀಯ ತಂಡಕ್ಕೆ ಆರಿಸುತ್ತದೆ. ಆಗ ಅಲ್ಲಿ ಅಧಿಕೃತ ಪಂದ್ಯ ಆಡಿದರೆ ಜೀವನಪೂರ್ತಿ ಫ್ರಾನ್ಸಿಗೆ ಕಟ್ಟುಬಿದ್ದಂತಾಗುತ್ತಿತ್ತು. ಆ ಹುಡುಗರಲ್ಲಿ ಹಿರಿಯರ ತಂಡಕ್ಕೆ ತಲುಪುವವರು ಕೆಲವೇ ಮಂದಿ. ಉಳಿದವರು ಎರಡೂ ದೇಶಕ್ಕೆ ಇಲ್ಲದವರಾಗುತ್ತಿದ್ದರು.

ನಿಯಮ ಮೂರು ಹಂತದಲ್ಲಿ ಸಡಿಲವಾಯಿತು. ಮೊದಲನೆಯದು 2004ರಲ್ಲಿ ಜಾರಿಗೆ ಬಂತು: ಕಿರಿಯರ ತಂಡಕ್ಕೆ ಆಡಿದವನು 21 ವರ್ಷ ತುಂಬುವ ಮೊದಲು, ಒಂದೇ ಒಂದು ಸಲ, ದೇಶ ಬದಲಿಸಬಹುದು. ಇದರ ಮೊದಲ ಫಲಾನುಭವಿ ಅಲ್ಜೀರಿಯಾದ ಅಂತರ್ ಯಾಹಿಯಾ. ಎರಡನೆಯದು 2009ರ ಜೂನ್‌ನಲ್ಲಿ ಬಹಾಮಾಸ್‌ನ ಫಿಫಾ ಸಭೆಯಲ್ಲಿ. ಮೊಹಮ್ಮದ್ ರೌರಾವಾ ನೇತೃತ್ವದ ಅಲ್ಜೀರಿಯಾ ಸಂಘ ಪಟ್ಟು ಹಿಡಿದು 21ರ ವಯೋಮಿತಿಯನ್ನು ತೆಗೆಸಿತು. 2001ರಲ್ಲಿ ಫ್ರಾನ್ಸ್ ಪರ 17 ವರ್ಷದೊಳಗಿನವರ ವಿಶ್ವಕಪ್ ಗೆದ್ದಿದ್ದ ಮುರಾದ್ ಮೆಗ್ನಿ, ಹಸ್ಸನ್ ಯೆಬ್ದಾ ಇಬ್ಬರೂ ಆ ಬಳಿಕ ಅಲ್ಜೀರಿಯಾಗೆ ಬಂದರು. ಮೂರನೆಯದು 2020ರಲ್ಲಿ: ಹಿರಿಯರ ತಂಡದಲ್ಲಿ ಆಡಿದ್ದು ಮೂರು ಪಂದ್ಯ ಮೀರಿರದಿದ್ದರೆ, ಅವೆಲ್ಲ 21 ತುಂಬುವ ಮೊದಲೇ ಆಡಿದವಾಗಿದ್ದರೆ, ಅವು ವಿಶ್ವಕಪ್ ಅಥವಾ ಖಂಡದ ಕಪ್‌ನ ಮುಖ್ಯ ಟೂರ್ನಿಯ ಪಂದ್ಯಗಳಲ್ಲದಿದ್ದರೆ, ಕೊನೆಯ ಪಂದ್ಯವಾಗಿ ಮೂರು ವರ್ಷ ಕಳೆದಿದ್ದರೆ ಬದಲಿಸಬಹುದು.

2004, 2009ರ ಬದಲಾವಣೆಗಳಿಗೆ ಒಂದು ಮೂಲ ಷರತ್ತು ಇತ್ತು, 2020ರ ಬಳಿಕ ಹಿರಿಯರ ತಂಡಕ್ಕೆ ಆಡಿದವರಿಗೆ ಅದು ಈಗಲೂ ಇದೆ, ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ದೇಶಕ್ಕೆ ಆಡಿದಾಗಲೇ ಎರಡನೇ ದೇಶದ ಪೌರತ್ವವೂ ಅವನಿಗೆ ಇರಬೇಕು. ಆಮೇಲೆ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಆಗುವುದಿಲ್ಲ. ಅಲ್ಜೀರಿಯಾಗೆ ಇದು ತೊಡಕಾಗಲಿಲ್ಲ, ಏಕೆಂದರೆ ಅಲ್ಜೀರಿಯಾದವರ ಮಗುವಿಗೆ ಹುಟ್ಟಿನಿಂದಲೇ ಪೌರತ್ವ ಬರುತ್ತದೆ. ಅದಕ್ಕೆ ಕಾಗದ ತೋರಿಸಿದರೆ ಸಾಕು. ಇತ್ತೀಚಿನ ಉದಾಹರಣೆ ಜಿನೆದಿನ್ ಜಿದಾನ್ ಅವರ ಮಗ, ಗೋಲ್‌ಕೀಪರ್ ಲೂಕಾ ಜಿದಾನ್: 2025ರಲ್ಲಿ ಫ್ರಾನ್ಸ್ ಬಿಟ್ಟು ಅಲ್ಜೀರಿಯಾ ಪಾಳಯ ಸೇರಿದರು.

ಇದಕ್ಕೆ ತಗಲುವ ಖರ್ಚೂ ಇದೆ. 2010 ಮತ್ತು 2014ರ ವಿಶ್ವಕಪ್ ತಂಡಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫ್ರಾನ್ಸಿನಲ್ಲಿ ಹುಟ್ಟಿದವರು. ಸಿದ್ಧ ಆಟಗಾರ ಸಿಗುವಾಗ ಊರಿನಲ್ಲಿ ಬೆಳೆಸುವ ಗೋಜು ಯಾರಿಗೆ ಬೇಕು ಎಂಬ ಮನೋಭಾವ ದೇಶದ ಕ್ಲಬ್‌ಗಳಲ್ಲಿ ಬೇರೂರಿತು. ಇದಕ್ಕೆ ಎದ್ದುಕಾಣುವ ಅಪವಾದ ಆಲ್ಜಿಯರ್ಸ್‌ನ ಪರಾದು ಕ್ಲಬ್. ಅದು 2007ರಲ್ಲಿ ಫ್ರಾನ್ಸಿನ ಮಾಜಿ ಆಟಗಾರ ಜಾನ್ ಮಾರ್ಕ್ ಗಿಯು ಪದ್ಧತಿಯ ಅಕಾಡೆಮಿ ತೆರೆಯಿತು. ಮಕ್ಕಳಿಗೆ ಮೊದಲು ಬೂಟಿಲ್ಲ. ಬರಿಗಾಲಿನಲ್ಲಿ ಆಡಿ ಚೆಂಡಿನ ಹಿಡಿತ ಬಂದ ಮೇಲಷ್ಟೇ ಬೂಟು. ಅಲ್ಲಿಂದ ಬಂದವರು ಬೆನ್ಸೆಬೈನಿ, ಅತಾಲ್, ಬುದಾವಿ.

2009ರ ಈಜಿಪ್ಟ್ ಪ್ರಕರಣದಲ್ಲಿ ಮತ್ತೆ ಅಂಕಗಣಿತ. ವಿಶ್ವಕಪ್ ಅರ್ಹತೆಯ ಕೊನೆಯ ಪಂದ್ಯಕ್ಕೆ ಮೊದಲು ಅಲ್ಜೀರಿಯಾ 13 ಅಂಕ, ಗೋಲು 9-2. ಈಜಿಪ್ಟ್ 10 ಅಂಕ, 7-4. ಕೈರೋದಲ್ಲಿ ಈಜಿಪ್ಟ್ ಮೂರು ಗೋಲಿನಿಂದ ಗೆದ್ದರೆ ನೇರ ವಿಶ್ವಕಪ್‌ಗೆ, ಒಂದು ಗೋಲಿನಿಂದ ಗೆದ್ದರೆ ಅಲ್ಜೀರಿಯಾ. ಎರಡು ಗೋಲಾದರೆ? ಇಬ್ಬರದೂ 13 ಅಂಕ, ಇಬ್ಬರದೂ 9-4, ತಮ್ಮತಮ್ಮೊಳಗಿನ ಎರಡು ಪಂದ್ಯವೂ 3-1, 0-2 ಸೇರಿ 3-3. ಪಂದ್ಯಕ್ಕೆ ಎರಡು ದಿನ ಮೊದಲು ಅಲ್ಜೀರಿಯಾ ತಂಡದ ಬಸ್ಸಿಗೆ ಕಲ್ಲು ಬಿದ್ದು ಆಟಗಾರರಿಗೆ ಗಾಯವಾಗಿತ್ತು. ನವೆಂಬರ್ 14ರಂದು ಈಜಿಪ್ಟ್ ಎರಡನೇ ನಿಮಿಷದಲ್ಲಿ ಒಂದು, 95ನೇ ನಿಮಿಷದಲ್ಲಿ ಇನ್ನೊಂದು ಗೋಲು ಹೊಡೆಯಿತು. ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಉಳಿಯಲಿಲ್ಲ. ನಾಲ್ಕು ದಿನದ ಬಳಿಕ ಸುಡಾನ್‌ನ ಒಮ್‌ದುರ್ಮಾನ್‌ನಲ್ಲಿ ತಟಸ್ಥ ಪಂದ್ಯ. 40ನೇ ನಿಮಿಷದಲ್ಲಿ ಬಲಬದಿಯಿಂದ ಅಂತರ್ ಯಾಹಿಯಾ ಹೊಡೆದ ಚೆಂಡು ಬಲೆಯ ಮೇಲ್ಭಾಗಕ್ಕೆ ಹೋಯಿತು, 1-0. 2004ರ ನಿಯಮ ಕೊಟ್ಟ ಆಟಗಾರನೇ 24 ವರ್ಷದ ಬಳಿಕ ತಂಡವನ್ನು ವಿಶ್ವಕಪ್‌ಗೆ ಒಯ್ದ. ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲೆಂಡ್ ಜೊತೆ 0-0 ಬಿಟ್ಟರೆ ಬೇರೇನೂ ಆಗಲಿಲ್ಲ. ಒಂದೂ ಗೋಲು ಹೊಡೆಯದೆ ಮರಳಿತು.

2014ರ ಬ್ರೆಜಿಲ್ ಬೇರೆ ಮಾತು. ಕೋಚ್ ವಾಹಿದ್ ಹಲಿಲ್‌ಹೋಜಿಚ್ ಬೆಲ್ಜಿಯಂ ವಿರುದ್ಧ ಹಿಂದೆ ನಿಂತು ಆಡಿಸಿ 1-2ರಿಂದ ಸೋತರು, ಟೀಕೆ ವಿಪರೀತವಾಯಿತು. ಮುಂದಿನ ಪಂದ್ಯಕ್ಕೆ ಹತ್ತಿರ ಅರ್ಧ ತಂಡವನ್ನೇ ಬದಲಿಸಿ ದಕ್ಷಿಣ ಕೊರಿಯಾದ ಮೇಲೆ ಮುಗಿಬಿದ್ದರು. 4-2. ವಿಶ್ವಕಪ್‌ನ ಒಂದು ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ ಮೊದಲ ಆಫ್ರಿಕನ್ ತಂಡ ಇದು. ರಷ್ಯಾ ಜೊತೆ 1-1 ಸಾಕಾಯಿತು. ಎರಡನೇ ಸುತ್ತಿನಲ್ಲಿ ಸಿಕ್ಕಿದ್ದು ಜರ್ಮನಿ. ಜರ್ಮನಿಯ ಹಿಂದಿನ ಸಾಲು ಬಹಳ ಮುಂದೆ ನಿಂತಿತ್ತು. ಅದರ ಬೆನ್ನ ಹಿಂದೆ ಸ್ಲಿಮಾನಿಗೆ ಉದ್ದ ಚೆಂಡು ಹಾಕುವುದು ಅಲ್ಜೀರಿಯಾದ ಉಪಾಯ. ಉಪಾಯ ಕೆಲಸ ಮಾಡಿತು, ಆದರೆ ಗೋಲ್‌ಕೀಪರ್ ನಾಯರ್ ಪೆನಾಲ್ಟಿ ಪ್ರದೇಶ ಬಿಟ್ಟು ಓಡಿಬಂದು ಡಿಫೆಂಡರ್ ಕೆಲಸವನ್ನೂ ತಾನೇ ಮಾಡಿದ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ 1-2. ಆ ಜರ್ಮನಿ ಎರಡು ವಾರದಲ್ಲಿ ಕಪ್ ಎತ್ತಿತು.

ಜಮೆಲ್ ಬೆಲ್ಮಾದಿ 2018ರಲ್ಲಿ ಕೋಚ್ ಆದರು. ಹುಟ್ಟಿದ್ದು ಪ್ಯಾರಿಸ್ ಹೊರವಲಯದಲ್ಲಿ. 2001ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಫ್ರಾನ್ಸ್-ಅಲ್ಜೀರಿಯಾ ಸೌಹಾರ್ದ ಪಂದ್ಯ, ಜನ ಮೈದಾನಕ್ಕೆ ನುಗ್ಗಿ 76ನೇ ನಿಮಿಷಕ್ಕೆ ನಿಂತುಹೋದದ್ದು, ಅದರಲ್ಲಿ ಅಲ್ಜೀರಿಯಾದ ಏಕೈಕ ಗೋಲು ಇವರದು. 2019ರ ಆಫ್ರಿಕಾ ಕಪ್ ಈಜಿಪ್ಟ್‌ನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಬೀದಿ ಚಳವಳಿಗೆ ಮಣಿದು ಅಧ್ಯಕ್ಷ ಬೂತೆಫ್ಲಿಕಾ ಇಳಿದಿದ್ದರು. ಕ್ರೀಡಾಂಗಣದ ಹಾಡುಗಳೂ ಬೀದಿಯ ಹಾಡುಗಳೂ ಒಂದೇ ಆಗಿದ್ದ ದಿನಗಳು ಅವು. ಏಳು ಪಂದ್ಯ, ಹೊಡೆದದ್ದು 13, ಬಿಟ್ಟದ್ದು 2. ಸೆಮಿಫೈನಲ್‌ನಲ್ಲಿ ನೈಜೀರಿಯಾ ವಿರುದ್ಧ 95ನೇ ನಿಮಿಷದಲ್ಲಿ ಮಹ್ರೆಜ್ ಫ್ರೀ ಕಿಕ್‌ನಿಂದ ಗೋಲು. ಫೈನಲ್‌ನಲ್ಲಿ ಸೆನೆಗಲ್ ವಿರುದ್ಧ ಎರಡನೇ ನಿಮಿಷದಲ್ಲೇ ಬೂನೆಜಾಹ್ ಹೊಡೆದದ್ದು ಎದುರಾಳಿಗೆ ತಾಗಿ ಎತ್ತರಕ್ಕೆ ಚಿಮ್ಮಿ ಗೋಲ್‌ಕೀಪರ್ ತಲೆ ಮೇಲಿಂದ ಬಿತ್ತು. ಉಳಿದ ಸಮಯವೆಲ್ಲ ಕಾಯುವ ಆಟ. ದ್ವಿತೀಯಾರ್ಧದಲ್ಲಿ ಸೆನೆಗಲ್‌ಗೆ ಸಿಕ್ಕಿದ ಪೆನಾಲ್ಟಿಯನ್ನು ರೆಫರಿ ವೀಡಿಯೊ ನೋಡಿ ಹಿಂಪಡೆದರು. ಫೈನಲ್ ಎಂಬ ಹೆಸರಿಗೆ ಅಂಥ ಸುಂದರ ಪಂದ್ಯವೇನಲ್ಲ. ಟೂರ್ನಿಯ ಶ್ರೇಷ್ಠ ಆಟಗಾರ ಮಿಡ್‌ಫೀಲ್ಡರ್ ಬೆನ್ನಾಸೆರ್.

ಸತತ 35 ಪಂದ್ಯ ಸೋಲದೆ ಸಾಗಿದ ತಂಡ 2022ರ ಜನವರಿಯಲ್ಲಿ ದುಆಲಾದಲ್ಲಿ ಈಕ್ವಟೋರಿಯಲ್ ಗಿನಿಗೆ 0-1ರಿಂದ ಸೋತು, ಒಂದೇ ಅಂಕದೊಂದಿಗೆ ಆಫ್ರಿಕಾ ಕಪ್‌ನಿಂದ ಹೊರಬಿತ್ತು. ಎರಡು ತಿಂಗಳ ಬಳಿಕ ಅದೇ ದುಆಲಾದಲ್ಲಿ ವಿಶ್ವಕಪ್ ಪ್ಲೇಆಫ್‌ನ ಮೊದಲ ಪಂದ್ಯವನ್ನು ಕ್ಯಾಮರೂನ್ ವಿರುದ್ಧ 1-0ರಿಂದ ಗೆದ್ದಿತು. ಮಾರ್ಚ್ 29ರಂದು ತವರಿನ ಬ್ಲಿದಾದಲ್ಲಿ ಡ್ರಾ ಸಾಕಿತ್ತು. ಎರಡು ಪಂದ್ಯದ ಒಟ್ಟು ಗೋಲು ಸಮವಾದರೆ ಎದುರಾಳಿಯ ನೆಲದಲ್ಲಿ, ಅಂದರೆ ಪರಸ್ಥಳದಲ್ಲಿ, ಹೆಚ್ಚು ಗೋಲು ಹೊಡೆದವರು ಮುಂದಕ್ಕೆ ಎಂಬುದು ನಿಯಮ. ಚೂಪೊ ಮೋಟಿಂಗ್ 22ನೇ ನಿಮಿಷದಲ್ಲಿ ಹೊಡೆದು ಒಟ್ಟು 1-1 ಆಯಿತು, ಪರಸ್ಥಳದ ಗೋಲು ಇಬ್ಬರದೂ ಒಂದೊಂದು, ಹಾಗಾಗಿ ಹೆಚ್ಚುವರಿ ಸಮಯ. 118ರಲ್ಲಿ ತೂಬಾ ಹೊಡೆದಾಗ ಅಲ್ಜೀರಿಯಾ ಕತಾರ್ ತಲುಪಿದಂತೆಯೇ. 120 ನಿಮಿಷ ಮುಗಿದ ಮೇಲಿನ ನಾಲ್ಕನೇ ನಿಮಿಷದಲ್ಲಿ ಕ್ಯಾಮರೂನ್‌ನ ಟೋಕೊ ಎಕಾಂಬಿ ಹೊಡೆದರು. ಒಟ್ಟು 2-2, ಪರಸ್ಥಳದಲ್ಲಿ ಹೊಡೆದ ಗೋಲು ಕ್ಯಾಮರೂನ್ 2, ಅಲ್ಜೀರಿಯಾ 1. ರೆಫರಿ ಬಗ್ಗೆ ಸಂಘ ಫಿಫಾಗೆ ದೂರು ಕೊಟ್ಟಿತು, ನಡೆಯಲಿಲ್ಲ. ಈ ಪರಸ್ಥಳ ಗೋಲು ನಿಯಮವನ್ನು ಯುರೋಪ್ 2021ರಲ್ಲೇ ಕೈಬಿಟ್ಟಿತ್ತು ಎಂದು ಗೊಣಗಿದವರು ಬಹಳ. ಆದರೆ 2013ರಲ್ಲಿ ಬುರ್ಕಿನಾ ಫಾಸೊ ವಿರುದ್ಧ 2-3, 1-0, ಒಟ್ಟು 3-3 ಆದಾಗ ಬ್ರೆಜಿಲ್‌ಗೆ ಟಿಕೆಟ್ ಕೊಟ್ಟದ್ದೂ ಅದೇ ನಿಯಮ.

2024ರ ಆರಂಭದ ಆಫ್ರಿಕಾ ಕಪ್‌ನಲ್ಲಿ ಮಾರಿಟೇನಿಯಾಗೆ ಸೋತು ಮತ್ತೆ ಗುಂಪಿನಲ್ಲೇ ಹೊರಬಿದ್ದ ಮೇಲೆ ಬೆಲ್ಮಾದಿ ಹೋದರು, ವ್ಲಾದಿಮಿರ್ ಪೆಟ್ಕೊವಿಚ್ ಬಂದರು. 2025ರ ಅಕ್ಟೋಬರ್‌ನಲ್ಲಿ ಒರಾನ್‌ನಲ್ಲಿ ಸೊಮಾಲಿಯಾವನ್ನು 3-0ರಿಂದ ಸೋಲಿಸಿ ತಂಡ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಚೀಟಿ ಎತ್ತಿದಾಗ ಸಿಕ್ಕಿದ ಗುಂಪು: ಅರ್ಜೆಂಟೀನಾ, ಜೋರ್ಡಾನ್, ಆಸ್ಟ್ರಿಯಾ.

ಇಲ್ಲಿ ಎರಡು ನಿಯಮ ಗಮನಿಸಬೇಕು. ಅಂಕ ಸಮವಾದರೆ 2026ರಲ್ಲಿ ಮೊದಲು ನೋಡುವುದು ಸಮವಾದ ತಂಡಗಳ ನಡುವಿನ ಪಂದ್ಯಗಳನ್ನು. ಒಟ್ಟು ಗೋಲು ಅಂತರ ಆಮೇಲೆ. ಈ ನಿಯಮ 1982ರಲ್ಲಿದ್ದರೆ ಅಲ್ಜೀರಿಯಾ ಉಳಿಯುತ್ತಿತ್ತೇ? ಮೂರು ತಂಡಗಳ ನಡುವಿನ ಪಂದ್ಯಗಳನ್ನಷ್ಟೇ ಹಿಡಿದರೆ ಆಸ್ಟ್ರಿಯಾ 2-1, ಜರ್ಮನಿ 2-2, ಅಲ್ಜೀರಿಯಾ 2-3. ಆಗಲೂ ಹೊರಗೆ.

ಎರಡನೆಯದು ಹೆಚ್ಚು ಮುಖ್ಯ. 48 ತಂಡ, 12 ಗುಂಪು. ಪ್ರತಿ ಗುಂಪಿನ ಮೊದಲೆರಡು ತಂಡಗಳ ಜೊತೆ ಮೂರನೇ ಸ್ಥಾನದವರಲ್ಲಿ ಉತ್ತಮ ಎಂಟು ತಂಡಗಳೂ ಮುಂದಕ್ಕೆ ಹೋಗುತ್ತವೆ. ಒಂದು ಗುಂಪಿನ ಕೊನೆಯ ಪಂದ್ಯಗಳು ಒಂದೇ ಹೊತ್ತಿಗೆ ನಡೆಯುತ್ತವೆ, ನಿಜ. ಆದರೆ ಗುಂಪು ಗುಂಪುಗಳು ಬೇರೆ ಬೇರೆ ದಿನ ಮುಗಿಯುತ್ತವೆ. ತಡವಾಗಿ ಮುಗಿಸುವ ಗುಂಪಿಗೆ ಮೂರನೇ ಸ್ಥಾನದಲ್ಲಿ ದಾಟಲು ಎಷ್ಟು ಅಂಕ ಬೇಕು, ಎಷ್ಟು ಅಂತರ ಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಮೊದಲು ಮುಗಿಸಿದವರಿಗೆ ಗೊತ್ತಿರುವುದಿಲ್ಲ. ಒಂದು ಡ್ರಾದಿಂದ ಇಬ್ಬರೂ ದಾಟುವ ಲೆಕ್ಕ ಬಿದ್ದರೆ ಅದನ್ನು ತಡೆಯುವ ಯಾವ ನಿಯಮವೂ ಇಲ್ಲ. ವೇಳಾಪಟ್ಟಿಯಲ್ಲಿ ಗುಂಪು ಹಂತದ ಕೊನೆಯ ದಿನ ಜೂನ್ 27. ಆ ದಿನ ಕಾನ್ಸಾಸ್ ಸಿಟಿಯಲ್ಲಿ ಎದುರುಬದುರಾಗಲು ನಿಗದಿಯಾದ ತಂಡಗಳು ಅಲ್ಜೀರಿಯಾ ಮತ್ತು ಆಸ್ಟ್ರಿಯಾ.